ವಾಹನದ ಶರೀರತ್ವ ವಿಚಾರ

ಚೆನ್ನೈಯಿಂದ ಬೆಂಗಳೂರಿನ ಕಡೆಗೆ ಹೊರಟ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರು ಸಾಗಿದವನಿಗೆ ಶ್ರೀಪೆರುಂಬೂದೂರು ಎದುರಾಗುತ್ತದೆ. ಸಂಪ್ರದಾಯದ ಗಣನೆಯಂತೆ 1017ರಲ್ಲಿ ಭಗವದ್ರಾಮಾನುಜರು ಜನಿಸಿದ ಕ್ಷೇತ್ರವದು. ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಯಲ್ಲಿ ಆ ಆಚಾರ್ಯರ ಹೆಸರನ್ನು ಕೇಳುತ್ತ ಬೆಳೆದ ಕನ್ನಡಿಗರಿಗೆ ಅದು ಪರಸ್ಥಳವೆನಿಸುವುದಿಲ್ಲ. ಊರು ಮುಟ್ಟುವುದಕ್ಕೆ ತುಸು ಮೊದಲೇ, ಇರುಂಗಾಟ್ಟುಕೋಟ್ಟೈ ಎಂಬಲ್ಲಿ, 1953ರಲ್ಲಿ ಸ್ಥಾಪಿತವಾದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು 1990ರಲ್ಲಿ ತೆರೆದ, 3.7 ಕಿಲೋಮೀಟರಿನಷ್ಟು ಉದ್ದದ ಮೋಟಾರು ಪಂದ್ಯದ ಟ್ರ್ಯಾಕ್ ಇದೆ. ಭಾಷ್ಯಕಾರರ ಜನ್ಮಭೂಮಿಗೂ ಟೈರುಗಳ ಚೀತ್ಕಾರಕ್ಕೂ ಏನು ಸಂಬಂಧವೆಂದು ಆಸ್ತಿಕರು ಹುಬ್ಬೇರಿಸಬಹುದು. ಭೂಗೋಳದ ಈ ನೆರೆಹೊರೆಗೆ ನಾನು ಯಾವ ದೈವಸಂಕಲ್ಪವನ್ನೂ ಆರೋಪಿಸುವವನಲ್ಲ. ಆದರೆ ಕಾರೊಂದನ್ನು ಕೊಂಡು, ಅದನ್ನು ತಯಾರಕರು ಕೊಟ್ಟ ಸ್ಥಿತಿಯಲ್ಲಿ ಬಿಡಲೊಲ್ಲದೆ, ಎಂಜಿನ್ನು ಬ್ರೇಕು ಸಸ್ಪೆನ್ಷನ್ನುಗಳನ್ನು ತನ್ನ ಇಷ್ಟದಂತೆ ಮಾರ್ಪಡಿಸಿ, ವಾರವೆಲ್ಲ ಅದರಲ್ಲೇ ಕಚೇರಿಗೆ ಹೋಗಿಬಂದು, ಎಂದೋ ಒಂದು ಭಾನುವಾರ ಅದನ್ನೇ ಟ್ರ್ಯಾಕಿಗೆ ಒಯ್ಯುವ ಮನುಷ್ಯನ ಅಂತರಂಗವನ್ನು ಅರಿಯಬೇಕಾದರೆ, ರಾಮಾನುಜರ ಶ್ರೀಭಾಷ್ಯದಲ್ಲಿ ಬರುವ ಶರೀರಲಕ್ಷಣಕ್ಕಿಂತ ಹೆಚ್ಚು ಉಪಯುಕ್ತವಾದ ಸಾಧನ ನನಗೆ ಬೇರೆ ಕಾಣಲಿಲ್ಲ.

ಚೇಷ್ಟೆ, ಇಂದ್ರಿಯ, ವಿಷಯಗಳ ಅನುಭವ ಇವುಗಳಿಗೆ ಆಶ್ರಯವಾದದ್ದು ಶರೀರವೆಂದು ನೈಯಾಯಿಕರು ಹೇಳಿದ್ದರು. ಚೇತನಾಚೇತನಾತ್ಮಕವಾದ ಜಗತ್ತೆಲ್ಲವೂ ಪರಬ್ರಹ್ಮದ ಶರೀರವೆಂದು ಸ್ಥಾಪಿಸಹೊರಟ ರಾಮಾನುಜರಿಗೆ ಕೈಕಾಲು ಕಣ್ಣುಗಳ ಈ ಲೆಕ್ಕ ಸಾಲದಾಯಿತು. ಯಾವ ದ್ರವ್ಯವನ್ನು ಒಬ್ಬ ಚೇತನನು ತನ್ನ ಪ್ರಯೋಜನಕ್ಕಾಗಿ ಸರ್ವಾತ್ಮನಾ ನಿಯಮಿಸಬಲ್ಲನೋ, ಧರಿಸಬಲ್ಲನೋ, ಯಾವುದರ ಸ್ವರೂಪವೇ ಆ ಚೇತನನಿಗೆ ಶೇಷವಾಗಿರುವುದೋ, ಅದು ಅವನ ಶರೀರವೆಂಬುದು ಅವರ ಮಾತಿನ ತಾತ್ಪರ್ಯ. ಚರ್ಮಮಾಂಸಗಳ ಪ್ರಸ್ತಾಪವೇ ಅಲ್ಲಿಲ್ಲ. ನಿಯಮನ, ಧಾರಣ, ಶೇಷತ್ವ ಇಷ್ಟೇ. ಹಾಗಾದರೆ ಕಾರು ಚಾಲಕನ ಶರೀರವೇ? ವಿದ್ವಾಂಸರು ಕೂಡಲೇ ಅಲ್ಲವೆನ್ನುವರು. ಆತ್ಮ ಶರೀರಗಳದು ಅಗಲಿಸಲಾಗದ ಸಂಬಂಧ, ಕಾರನ್ನಾದರೋ ನಾಳೆಯೇ ಮಾರಿಬಿಡಬಹುದು. ಆ ನಿರ್ಣಯವನ್ನು ನಾನೂ ಒಪ್ಪುತ್ತೇನೆ. ಆದರೂ, ಕಾರಿನ ಒಡೆಯನು ತನ್ನ ಮನಸ್ಸಿನಲ್ಲಿ ಅದನ್ನು ಶರೀರವೆಂದೇ ಬಗೆದು ನಡೆದುಕೊಳ್ಳುತ್ತಿರುವಾಗ, ಆ ಭಾವನೆ ಎಷ್ಟು ದೂರ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ನೋಡುವುದು ವ್ಯರ್ಥವಲ್ಲ.

ನಿಯಮನದ ಹಂಬಲ ಈ ನಗರಕ್ಕೆ ಹೊಸದಲ್ಲ. ಮದರಾಸಿನ ಉತ್ತರಕ್ಕಿರುವ ಶೋಳವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುಹಾದಿಯ ಮೇಲೆ, ದಶಕಗಳ ಕಾಲ ಪಂದ್ಯಗಳು ನಡೆದುವು. ಫಿಯೆಟ್ಟು, ಅಂಬಾಸಡರು, ಮದರಾಸಿನಲ್ಲೇ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡು ಮೊದಲಾದ, ಮನೆಮಂದಿಯನ್ನು ಮದುವೆಗೆ ಒಯ್ಯುವುದಕ್ಕೆಂದೇ ಹುಟ್ಟಿದಂತಿದ್ದ ಸಾಧು ವಾಹನಗಳು, ಬೇರೆ ಕಾರ್ಬ್ಯುರೇಟರನ್ನು ಧರಿಸಿ, ಸಿಲಿಂಡರ್ ಹೆಡ್ಡನ್ನು ಅರೆಯಿಸಿಕೊಂಡು ಅಲ್ಲಿ ಹೂಂಕರಿಸುತ್ತಿದ್ದುವು. ಹೊರದೇಶದ ಬಿಡಿಭಾಗಗಳು ದುರ್ಲಭವಾಗಿದ್ದ ಆ ಕಾಲದಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ತಾವೇ ಪಂದ್ಯದ ಕಾರುಗಳನ್ನು ಕಟ್ಟಿದರು. ಮಾರುತಿಯ ಎಂಜಿನ್ನಿನ ಸುತ್ತ ಅವರು ರೂಪಿಸಿದ ಒಂಟಿ ಆಸನದ ಫಾರ್ಮುಲಾ ಮಾರುತಿಯಿಂದ ಒಂದು ತಲೆಮಾರಿನ ಚಾಲಕರೇ ಹುಟ್ಟಿಕೊಂಡರು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡುದು ನಮ್ಮ ದೇಶದ ಈ ವಿದ್ಯೆಗೆ ದೊಡ್ಡ ನಷ್ಟ.

ಈಗ ಸ್ಪ್ಯಾನರಿಗಿಂತ ಮೊದಲು ಲ್ಯಾಪ್‌ಟಾಪು ಬರುತ್ತದೆ. ಎಂಜಿನ್ನಿನ ಗಣಕದೊಳಗಿನ ಕೋಷ್ಟಕಗಳನ್ನು ತಿದ್ದಿ, ಟರ್ಬೊ ಒತ್ತಡವನ್ನು ಏರಿಸಿ, ಇಂಧನದ ಪ್ರಮಾಣವನ್ನೂ ಕಿಡಿಯ ಮುಹೂರ್ತವನ್ನೂ ಹೊಂದಿಸಿದರೆ, 110 ಅಶ್ವಶಕ್ತಿಯ ಪೋಲೋ ಕಾರು ಒಂದು ಮಧ್ಯಾಹ್ನದಲ್ಲಿ ಬೇರೊಂದು ಸ್ವಭಾವವನ್ನು ತಳೆಯುತ್ತದೆ. ತಿರುವಾನ್ಮಿಯೂರಿನಲ್ಲಿ ನೆಲೆಸಿರುವ ನನ್ನ ಸೋದರಳಿಯನ ಕಾರು ಇಂಥದೇ ಒಂದು. ಚಕ್ರಗಳ ನೆತ್ತಿಯನ್ನು ಒಳಕ್ಕೆ ವಾಲಿಸಿ, ಅಂದರೆ ನೆಗೆಟಿವ್ ಕ್ಯಾಂಬರನ್ನು ಹೆಚ್ಚಿಸಿ, ತಿರುವಿನಲ್ಲಿ ಟೈರು ನೆಲವನ್ನು ಪೂರ್ಣವಾಗಿ ಹಿಡಿಯುವಂತೆ ಅವನು ಮಾಡಿಸಿದ್ದಾನೆ. ಅದೇ ಟೈರು ನೇರವಾದ ಅಣ್ಣಾ ಸಾಲೈಯಲ್ಲಿ ಒಳ ಅಂಚಿನಿಂದ ಸವೆಯುತ್ತ ಹೋಗುತ್ತದೆ. ರಸ್ತೆಗೂ ಟ್ರ್ಯಾಕಿಗೂ ಸಮನಾಗಿ ಸಲ್ಲುವ ಕೋನ ಯಾವುದೂ ಇಲ್ಲ. ಇರುವುದು ರಾಜಿ ಮಾತ್ರ.

ಇಷ್ಟೆಲ್ಲ ಮಾಡಿದ ಮೇಲೆ ನಿಯಮನವು ‘ಸರ್ವಾತ್ಮನಾ’ ಆಯಿತೇ? ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳ ಮೂಲಕವಷ್ಟೇ ಕಾರು ಭೂಮಿಯನ್ನು ಮುಟ್ಟುತ್ತದೆ. ವೇಗವನ್ನು ತಡೆಯುವುದು, ತಿರುಗುವುದು, ಮುನ್ನುಗ್ಗುವುದು ಎಲ್ಲವೂ ಆ ತುಣುಕುಗಳ ಹಿಡಿತದಲ್ಲಿ ಪಾಲು ಬೇಡತಕ್ಕವು. ಹಿಡಿತ ಮುಗಿದೊಡನೆ ಚಾಲಕನ ಸಂಕಲ್ಪ ಏನೇ ಇದ್ದರೂ ಕಾರು ಜಡದ್ರವ್ಯದ ನಿಯಮವನ್ನಷ್ಟೇ ಪಾಲಿಸುತ್ತದೆ. ರಸ್ತೆಯಲ್ಲಿ ಮಾತ್ರ ಓಡಿಸುವವನಿಗೆ ಈ ಗಡಿ ಎಲ್ಲಿದೆಯೆಂಬುದೇ ಗೊತ್ತಿರದು. ಅದನ್ನು ಅರಿಯುವುದಕ್ಕೆ, ತಪ್ಪಿದರೆ ಜಾರಿಹೋಗಲು ಬಯಲೂ, ಅಂಚಿನಲ್ಲಿ ತಡೆಗಳೂ, ಕಾದು ನಿಂತ ಆಂಬ್ಯುಲೆನ್ಸೂ ಇರುವ ಸ್ಥಳವೊಂದು ಬೇಕು. ಟ್ರ್ಯಾಕಿನ ನಿಜವಾದ ಉಪಕಾರ ಇದು: ವೇಗದ ಸುಖಕ್ಕಿಂತ ಮಿಗಿಲಾಗಿ, ತನ್ನ ನಿಯಮನಶಕ್ತಿ ಎಲ್ಲಿ ಕೊನೆಗೊಳ್ಳುತ್ತದೆಂಬ ಜ್ಞಾನ.

ಧಾರಣದ ವಿಚಾರದಲ್ಲಿ ನಾನು ತುಸು ತಡೆದು ನಿಲ್ಲಬೇಕಾಗಿದೆ, ಏಕೆಂದರೆ ಮಾರ್ಪಾಡಿನ ಉತ್ಸಾಹಿಗಳಲ್ಲಿ ಬಹುಮಂದಿ ಎಡವುವುದು ಇಲ್ಲೇ. ಶರೀರವನ್ನು ಆಳುವುದು ಮಾತ್ರವಲ್ಲ, ಅದರ ಇರವನ್ನೇ ಹೊತ್ತಿರಬೇಕೆಂಬುದು ಧಾರಣದ ಅರ್ಥ; ಆತ್ಮ ಬಿಟ್ಟುಹೋದ ಕ್ಷಣದಿಂದ ದೇಹ ಶಿಥಿಲವಾಗತೊಡಗುತ್ತದೆ. ಸಮುದ್ರದ ಗಾಳಿಗೆ ಎದುರಾಗಿ ಕೆಲವು ತಿಂಗಳು ಸುಮ್ಮನೆ ನಿಂತ ಕಾರನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ: ಬ್ರೇಕಿನ ಡಿಸ್ಕುಗಳ ಮೇಲೆ ಕೆಂಪು ತುಕ್ಕು, ಬರಿದಾದ ಬ್ಯಾಟರಿ, ನೆಲ ಕಚ್ಚಿ ಚಪ್ಪಟೆಯಾದ ಟೈರು, ಬಿರುಕು ಬಿಟ್ಟ ಬುಷ್ಷುಗಳು. ಬ್ರೇಕ್ ಆಯಿಲನ್ನೇ ತೆಗೆದುಕೊಳ್ಳಿ. ಅದು ಗಾಳಿಯ ತೇವವನ್ನು ಹೀರತಕ್ಕ ದ್ರವ; ಚೆನ್ನೈಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 4 ದರ್ಜೆಯ ಹೊಸ ಆಯಿಲು 230 ಡಿಗ್ರಿ ಸೆಲ್ಸಿಯಸ್ ವರೆಗಾದರೂ ಕುದಿಯದೆ ತಡೆಯಬೇಕೆಂದು ಮಾನಕವಿದೆ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ವೇಗ 60ರಿಂದ 120ಕ್ಕೆ ಏರಿದರೆ ಬ್ರೇಕುಗಳು ನುಂಗಬೇಕಾದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಹಳೆಯ ಆಯಿಲಿನೊಡನೆ ಟ್ರ್ಯಾಕಿಗೆ ಹೋದವನ ಬ್ರೇಕಿನಲ್ಲಿ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಗುಳ್ಳೆ ಅದುಮಿಕೊಳ್ಳುತ್ತದೆಯೇ ಹೊರತು ಒತ್ತಡವನ್ನು ಮುಂದಕ್ಕೆ ಒಯ್ಯುವುದಿಲ್ಲ. ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ಹೋಗುತ್ತಲೇ ಇರುತ್ತದೆ. ರೋಗಗ್ರಸ್ತವಾದ ದೇಹ ಇಚ್ಛೆಗೆ ಬಾಗದಿದ್ದಾಗ ಅದು ಶರೀರವಲ್ಲವೆನ್ನಬೇಕೇ ಎಂಬ ಆಕ್ಷೇಪವನ್ನು ಭಾಷ್ಯಕಾರರೇ ಎತ್ತಿಕೊಂಡು, ನಿಯಮನಶಕ್ತಿ ಇದ್ದೂ ಪ್ರತಿಬದ್ಧವಾಗಿದೆಯೆಂದು ಸಮಾಧಾನ ಹೇಳುತ್ತಾರೆ. ಮೊದಲ ತಿರುವಿನ ಮುಂದೆ ಆ ಸಮಾಧಾನದಿಂದ ಯಾರಿಗೂ ಪ್ರಯೋಜನವಾಗದು. ಅಶ್ವಶಕ್ತಿಗೆ ಲಕ್ಷ ಸುರಿದು ಬ್ರೇಕ್ ಆಯಿಲಿಗೆ ಕೆಲವು ನೂರು ರೂಪಾಯಿ ಕೊಡಲು ಹಿಂಜರಿಯುವವನು, ಒಡೆತನದ ಹಕ್ಕನ್ನು ಕೇಳುತ್ತಾನೆ, ಹೊರುವ ಹೊಣೆಯನ್ನು ಒಲ್ಲೆನೆನ್ನುತ್ತಾನೆ.

ಧಾರಣವಿಲ್ಲದ ಮಾರ್ಪಾಡು ಎಂಥ ವಿಪರೀತವನ್ನು ತಂದೀತೆಂಬುದಕ್ಕೆ ಈ ಊರಿನ ಮಳೆಗಾಲವೇ ಸಾಕ್ಷಿ. ತಣ್ಣನೆಯ ಗಾಳಿ ಎಂಜಿನ್ನಿಗೆ ಸಿಕ್ಕಲೆಂದು ಗಾಳಿಯ ಕೊಳವೆಯ ಬಾಯನ್ನು ಬಂಪರಿನ ಹಿಂದೆ ತಗ್ಗಿನಲ್ಲಿಡುವ ಪದ್ಧತಿಯುಂಟು. ಕತ್ತರಿ ಬಿಸಿಲಿನಲ್ಲಿ ಅದು ಜಾಣತನ. ಆದರೆ 2015ರ ಡಿಸೆಂಬರಿನಂಥ, 2023ರ ಮಿಚಾಂಗ್ ಚಂಡಮಾರುತದಂಥ ದಿನಗಳಲ್ಲಿ ಅದೇ ಬಾಯಿ ಬೀದಿಯ ನೀರನ್ನು ಹೀರುತ್ತದೆ. ನೀರನ್ನು ಪಿಸ್ಟನ್ನು ಅದುಮಲಾರದು. ಕನೆಕ್ಟಿಂಗ್ ರಾಡು ಬಾಗುತ್ತದೆ, ಎಂಜಿನ್ನು ಅಲ್ಲಿಗೆ ಮುಗಿಯುತ್ತದೆ. ವೇಳಚ್ಚೇರಿಯ ಜನ ಮಳೆಯ ಮುನ್ಸೂಚನೆ ಬಂದೊಡನೆ ತಮ್ಮ ಕಾರುಗಳನ್ನು ಮೇಲುಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದ್ದನ್ನು ಪತ್ರಿಕೆಗಳಲ್ಲಿ ನೋಡಿ ನಕ್ಕವರಿದ್ದರು. ನನಗೆ ಅದು ಧಾರಣದ ಅತ್ಯಂತ ಪ್ರಾಮಾಣಿಕವಾದ ರೂಪವಾಗಿ ಕಂಡಿತು.

ಹೀಗೆ ಸತ್ತ ಕಾರುಗಳು ಎಳುಂಬೂರಿನ ಬಳಿಯ ಪುದುಪ್ಪೇಟ್ಟೈಗೆ ಬರುತ್ತವೆ. ಅಲ್ಲಿಯ ಸಾಲು ಅಂಗಡಿಗಳಲ್ಲಿ ಬಾಗಿಲು ಒಂದು ಕಡೆ, ಗೇರ್‌ಬಾಕ್ಸು ಒಂದು ಕಡೆ, ದೀಪಗಳು ತೂಗುಹಾಕಿದಂತೆ ಇನ್ನೊಂದು ಕಡೆ. ಮಿಲಿಂದರಾಜನಿಗೆ ರಥದ ದೃಷ್ಟಾಂತವನ್ನು ಹೇಳಿದ ನಾಗಸೇನನು ಇಲ್ಲಿ ನಿಂತಿದ್ದರೆ ತನ್ನ ವಾದಕ್ಕೆ ಬೇರೆ ಸಾಕ್ಷಿ ಬೇಡವೆನ್ನುತ್ತಿದ್ದನೋ ಏನೋ: ಗಾಲಿಯೂ ರಥವಲ್ಲ, ಅಚ್ಚೂ ರಥವಲ್ಲ, ಇವೆಲ್ಲ ಕೂಡಿದಾಗಿನ ವ್ಯವಹಾರದ ಹೆಸರಷ್ಟೇ ರಥ. ರಾಮಾನುಜರ ಉತ್ತರ ಬೇರೆ. ಮೃತದೇಹಕ್ಕೆ ಶರೀರವೆಂಬ ಹೆಸರು ಉಪಚಾರಕ್ಕೆ ಮಾತ್ರ. ಹೊತ್ತಿದ್ದವನು ಹೋದ ಮೇಲೆ ಅಲ್ಲಿ ಶರೀರವೇ ಇಲ್ಲ. ಭಾಗಗಳೆಲ್ಲ ಬದಲಾದ ಕಾರು ಅದೇ ಕಾರೇ ಎಂಬ ಹಳೆಯ ಒಗಟಿಗೆ ಇದರಿಂದ ಒಂದು ದಾರಿ ಸಿಕ್ಕುತ್ತದೆಂದು ನನ್ನ ಎಣಿಕೆ: ಹೊರುವವನು ಒಬ್ಬನೇ ಆಗಿ, ಹೊರುವಿಕೆಗೆ ವಿಚ್ಛೇದವಿಲ್ಲದಿದ್ದರೆ ಅದು ಅದೇ ಕಾರು. ಆರ್‌ಟಿಓ ಕಚೇರಿಯವರಿಗೆ ಈ ಜಿಜ್ಞಾಸೆಯೇ ಬೇಕಾಗಿಲ್ಲ; ಚಾಸಿ ನಂಬರು ಒಂದೇ ಇದ್ದರೆ ಕಾರು ಒಂದೇ.

ಕಾನೂನಿನ ಮಾತು ಬಂತು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಒಡೆಯನಿಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಒಂದೊಂದು ಮಾರ್ಪಾಡಿಗೂ 5000 ರೂಪಾಯಿಯಂತೆ ದಂಡ, ಇಲ್ಲವೆ ಎರಡೂ ಎಂದಾಯಿತು. ಉತ್ಸಾಹಿಗಳಿಗೆ ಇದರಿಂದ ಉರಿ. ಸವೆದ ಟೈರು, ಕೊಳೆತ ಬ್ರೇಕ್ ಆಯಿಲುಗಳ ಮೂಲರೂಪದ ಕಾರು ನಿರಾತಂಕವಾಗಿ ಓಡಾಡುತ್ತಿರುವಾಗ, ಹೆಚ್ಚು ಸಮರ್ಥವಾದ ಬ್ರೇಕು ಹಾಕಿಸಿದ ತಾವು ಅಪರಾಧಿಗಳಾಗಬೇಕೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಅನ್ಯಾಯದ್ದಲ್ಲ, ಕಾನೂನು ರೂಪವನ್ನು ನೋಡುವಷ್ಟು ಧಾರಣವನ್ನು ನೋಡುವುದಿಲ್ಲ. ಆದರೆ ಅವರು ಮರೆಯುವುದೊಂದಿದೆ, ಅದು ಮೂರನೆಯ ಅಂಶವಾದ ಶೇಷತ್ವ.

ಪರನಿಗೆ ಅತಿಶಯವನ್ನು ತರುವುದಕ್ಕೋಸ್ಕರವೇ ಉಪಾದೇಯವಾಗಿರುವುದು ಶೇಷವೆಂದೂ, ಆ ಪರನೇ ಶೇಷಿಯೆಂದೂ ವೇದಾರ್ಥಸಂಗ್ರಹದ ನಿರೂಪಣೆ. ಈ ಒರೆಗಲ್ಲಿಗೆ ನಮ್ಮ ಉತ್ಸಾಹಿಯನ್ನು ಹಚ್ಚಿ ನೋಡಿ. ಸಂಬಳ ಬಂದೊಡನೆ ಕಾರಿಗೆ ಒಂದು ಅತಿಶಯ, ಬೋನಸು ಬಂದರೆ ಇನ್ನೊಂದು, ರಜೆಯೆಲ್ಲ ಗ್ಯಾರೇಜಿನಲ್ಲಿ, ಮಾತೆಲ್ಲ ಇಂಟರ್‌ಕೂಲರು, ಡೌನ್‌ಪೈಪು. ಯಾರು ಯಾರಿಗೆ ಅತಿಶಯವನ್ನು ತರುತ್ತಿದ್ದಾರೆ? ಶರೀರವೆಂದು ಹಿಡಿದದ್ದು ಶೇಷಿಯಾಗಿ, ಆತ್ಮವೆಂದುಕೊಂಡವನು ಅದರ ಕೈಂಕರ್ಯಕ್ಕೆ ನಿಂತಿದ್ದಾನೆ. ಕೈಂಕರ್ಯ ಹೀನವೆಂದು ನಾನು ಹೇಳುತ್ತಿಲ್ಲ. ಶ್ರೀವೈಷ್ಣವನಿಗೆ ಅದೇ ಪರಮಪುರುಷಾರ್ಥ. ಆದರೆ ಅದು ಯಾರಿಗೆ ಸಲ್ಲುತ್ತಿದೆಯೆಂಬುದನ್ನು ಆಗಾಗ ತಿರುಗಿ ನೋಡಿಕೊಳ್ಳಬೇಕಷ್ಟೆ. ಇನ್ನು ರಸ್ತೆಯಲ್ಲಂತೂ ಈ ಶೇಷತ್ವ ಒಡೆಯನೊಬ್ಬನಿಗೇ ಸಲ್ಲುವಂತೆಯೇ ಇಲ್ಲ. ಭಾನುವಾರದ ನಸುಕಿನಲ್ಲಿ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಮಹಾಬಲಿಪುರದತ್ತ ನುಗ್ಗುವ ಕಾರಿನ ಹಾದಿಯಲ್ಲಿ ಮೀನುಗಾರರ ಕುಪ್ಪಗಳಿವೆ, ಆಡುಗಳಿವೆ, ಸೈಕಲ್ಲಿನಲ್ಲಿ ಹಾಲು ಒಯ್ಯುವವರಿದ್ದಾರೆ. ಟ್ರ್ಯಾಕಿನೊಳಗೆ ಹೋಗುವವನು, ಆಗುವ ಹಾನಿಗೆ ತಾನೇ ಹೊಣೆಯೆಂದು ಕಾಗದಕ್ಕೆ ರುಜು ಹಾಕಿ ಹೋಗುತ್ತಾನೆ; ಆ ಹಾಲಿನವನು ಯಾವ ಕಾಗದಕ್ಕೂ ರುಜು ಹಾಕಿದವನಲ್ಲ. 2024ರ ಆಗಸ್ಟ್ ಕೊನೆಯಲ್ಲಿ ಐಲೆಂಡ್ ಗ್ರೌಂಡಿನ ಸುತ್ತ ನಗರದ ಬೀದಿಗಳಲ್ಲೇ ರಾತ್ರಿ ಪಂದ್ಯ ನಡೆಸಿದಾಗ, ಸುಮಾರು 3.5 ಕಿಲೋಮೀಟರಿನ ಆ ಹಾದಿಯ ಎರಡು ಬದಿಗೂ ತಡೆಗೋಡೆ ಎದ್ದ ಮೇಲೆಯೇ ಬೀದಿಯು ಟ್ರ್ಯಾಕಾಯಿತು.

ಅಲ್ಲಿಂದ ಅಷ್ಟೇನೂ ದೂರವಲ್ಲದ ಪಲ್ಲವನ್ ಸಾಲೈಯಲ್ಲಿ ಪಾಡಿಗಾರ್ಡ್ ಮುನೀಶ್ವರನ ಗುಡಿಯಿದೆ. ಹೊಸ ವಾಹನಗಳನ್ನು ತಂದು, ಹಾರ ಹಾಕಿಸಿ, ಚಕ್ರಗಳಡಿಯ ನಿಂಬೆಹಣ್ಣುಗಳನ್ನು ಹಿಸುಕಿಕೊಂಡು ಹೋಗುವ ಜನ ಅಲ್ಲಿ ನಿತ್ಯವೂ ಉಂಟು. ವಿಚಾರವಾದಿಗಳು ನಗುತ್ತಾರೆ. ನಿಂಬೆಹಣ್ಣು ಬ್ರೇಕ್ ಪ್ಯಾಡಿನ ಕೆಲಸವನ್ನು ಮಾಡದು, ನಿಜ. ಆದರೆ ತನ್ನ ನಿಯಮನಕ್ಕೆ ಮೀರಿದ್ದೊಂದು ಈ ವ್ಯವಹಾರದಲ್ಲಿದೆಯೆಂದು ಕೀಲಿ ತಿರುಗಿಸುವ ಮೊದಲೇ ಒಪ್ಪಿಕೊಳ್ಳುವವನನ್ನು ಅವಿವೇಕಿಯೆನ್ನಲು ನನಗೆ ಮನಸ್ಸು ಬಾರದು.

ಈಚೆಗೆ ಸೋದರಳಿಯನೊಡನೆ ಇರುಂಗಾಟ್ಟುಕೋಟ್ಟೈಗೆ ಹೋಗಿದ್ದೆ. ಓಟ ಮುಗಿದ ಮೇಲೆ ಅವನು ಕೂಡಲೇ ಹೊರಡಲಿಲ್ಲ. ಟರ್ಬೊ ತಣಿಯಲೆಂದು ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟ. ಚಕ್ರದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ 120 ನ್ಯೂಟನ್-ಮೀಟರಿಗೆ ಮತ್ತೆ ಬಿಗಿದು ನೋಡಿದ. ಬಿಸಿಯೇರಿ ಒತ್ತಡ ಹೆಚ್ಚಿದಾಗ ಟೈರುಗಳಿಂದ ಬಿಟ್ಟಿದ್ದ ಗಾಳಿಯನ್ನು, ಅವು ಆರಿದ ಮೇಲೆ ಅಳೆದು ತುಂಬಿದ. ಉಳಿದದ್ದು ಕಣ್ಣು. ದಿನವಿಡೀ ಟ್ರ್ಯಾಕಿನ ವೇಗಕ್ಕೆ ಹೊಂದಿದ ಕಣ್ಣಿಗೆ ಹೆದ್ದಾರಿಯ 80 ಕಿಲೋಮೀಟರು ನಿಂತಂತೆ ತೋರುತ್ತದೆ. ಅದನ್ನು ಸರಿಪಡಿಸುವ ಬಿಡಿಭಾಗ ಪುದುಪ್ಪೇಟ್ಟೈಯಲ್ಲೂ ದೊರೆಯದು. ಅವನು ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು ಪಕ್ಕದ ಆಸನದಲ್ಲಿ ಕುಳಿತ. ತಿರುವಾನ್ಮಿಯೂರು ಸೇರುವವರೆಗೆ ಈ ಕಾರು ಯಾರ ಶರೀರವಪ್ಪಾ ಎಂದು ನಾನು ಹಿಂದಿನಿಂದ ಕೇಳಿದೆ. ಅವನು ಭಾಷ್ಯವನ್ನು ಯೋಚಿಸುತ್ತಿರುವಾಗಲೇ ಅವಳು ಹೇಳಿದಳು: “ಆರ್‌ಸಿ ನನ್ನ ಹೆಸರಿನಲ್ಲಿದೆ, ಮಾವ. ಐದೈದು ಸಾವಿರ ದಂಡ ಕಟ್ಟಬೇಕಾದವಳೂ ನಾನೇ.”