ಹೊಂದಿಕೊಂಡವರು ಯಾರು?

ಹೊಂದಾಣಿಕೆ ಅಂದ್ರೆ ಒಳ್ಳೆಯದೇ ಅಂತ ನಾವೆಲ್ಲ ಕಣ್ಣು ಮುಚ್ಚಿ ಒಪ್ಪಿಕೊಂಡುಬಿಟ್ಟಿದ್ದೇವೆ. ಜಗಳವಿಲ್ಲದ ಮನೆ, ತಕರಾರಿಲ್ಲದ ಟೀಮು ಕಂಡರೆ "ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾರೆ" ಅಂತೀವಿ. ಹೊಂದಿಕೊಂಡವರು ಯಾರು ಅಂತ ಮಾತ್ರ ಕೇಳಲ್ಲ. ಈ ಪ್ರಶ್ನೆ ನನಗೆ ಸರಿಯಾಗಿ ಅರ್ಥವಾಗಿದ್ದು ಗಣಿತದ ಒಂದು ವಿಷಯ ಓದುವಾಗ.

1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಡ್ವರ್ಡ್ ಲೊರೆಂಜ್ ಹವಾಮಾನದ ಒಂದು ಹಳೇ ಲೆಕ್ಕವನ್ನ ಕಂಪ್ಯೂಟರಿನಲ್ಲಿ ಮತ್ತೆ ಓಡಿಸಿದರು. 0.506127 ಇದ್ದ ಕಡೆ 0.506 ಅಂತ ಹಾಕಿದರು, ಅಷ್ಟೇ. ಸ್ವಲ್ಪ ಹೊತ್ತಿಗೆ ಹಳೇ ಲೆಕ್ಕಕ್ಕೂ ಹೊಸದಕ್ಕೂ ಸಂಬಂಧವೇ ಇಲ್ಲದಂತಾಯಿತು. ಕೂದಲೆಳೆಯ ವ್ಯತ್ಯಾಸ ಬೆಳೆದು ಬೆಟ್ಟವಾಗುವ ಈ ಗುಣಕ್ಕೆ ಕೇಯಾಸ್ ಅಂತಾರೆ. ನಿಯಮ ಇರುತ್ತೆ, ಆದರೂ ದೂರದ ಭವಿಷ್ಯ ಹೇಳೋಕಾಗಲ್ಲ. ಥೇಟ್ ಮನುಷ್ಯರ ಥರ.

ಇಂಥ ಎರಡು ವ್ಯವಸ್ಥೆಗಳು ಒಟ್ಟಿಗೆ ಹೆಜ್ಜೆ ಹಾಕೋದು ಅಸಾಧ್ಯ ಅನ್ನಿಸುತ್ತೆ, ಅಲ್ವಾ? ಸಾಧ್ಯ ಅಂತ 1990ರಲ್ಲಿ ಅಮೆರಿಕ ನೌಕಾಪಡೆಯ ಸಂಶೋಧನಾಲಯದ ಲೂಯಿಸ್ ಪೆಕೋರಾ ಮತ್ತು ಥಾಮಸ್ ಕ್ಯಾರಲ್ ತೋರಿಸಿದರು. ಲೊರೆಂಜರ 1963ರ ಸಮೀಕರಣಗಳಲ್ಲಿ ಎಕ್ಸ್, ವೈ, ಜಡ್ ಅಂತ ಬದಲಾಗುತ್ತಾ ಹೋಗುವ ಮೂರು ಸಂಖ್ಯೆಗಳಿವೆ. ಮೊದಲನೇ ವ್ಯವಸ್ಥೆಯ ಎಕ್ಸ್ ಒಂದನ್ನೇ ಎರಡನೆಯದಕ್ಕೆ ಕೊಡುತ್ತಾ ಇದ್ದರೆ ಸಾಕು, ಅದರ ವೈ, ಜಡ್ ತಾವಾಗೇ ಬಂದು ಮೊದಲನೆಯದರ ಜೊತೆ ಕೂಡಿಕೊಳ್ಳುತ್ತವೆ. ಕೇಯಾಸ್ ಹೋಗಲ್ಲ. ಊಹೆಗೆ ನಿಲುಕದ ದಾರಿಯಲ್ಲೇ ಎರಡೂ ಜೊತೆಜೊತೆಯಾಗಿ ಹೋಗುತ್ತವೆ.

ಆದರೆ ಈ ಜೋಡಣೆ ಒಮ್ಮುಖ. ಮೊದಲನೆಯದು ಹೇಳುತ್ತೆ, ಎರಡನೆಯದು ಕೇಳುತ್ತೆ. ಎರಡನೆಯದು ಎಲ್ಲಿಂದ ಹೊರಟಿತ್ತು ಅನ್ನೋದೇ ಅಳಿಸಿಹೋಗುತ್ತೆ. ಜೋಡಣೆ ಇಮ್ಮುಖವಾಗಿಯೂ ಇರಬಹುದು. ಆಗ ಎರಡೂ ಒಂದನ್ನೊಂದು ಎಳೆದು, ಒಂಟಿಯಾಗಿದ್ದರೆ ಯಾವುದೂ ಹಿಡಿಯದಿದ್ದ ದಾರಿ ಹಿಡಿಯುತ್ತವೆ. ಹೊರಗಿನಿಂದ ಗ್ರಾಫ್ ನೋಡಿದರೆ ಮಾತ್ರ ವ್ಯತ್ಯಾಸ ಕಾಣಲ್ಲ. ಎರಡು ಗೆರೆ, ಒಂದರ ಮೇಲೊಂದು.

ವ್ಯತ್ಯಾಸ ಗೊತ್ತಾಗೋದು ಎರಡನೆಯದನ್ನ ಸ್ವಲ್ಪ ಅಲುಗಾಡಿಸಿದಾಗ. ಒಮ್ಮುಖವಾದರೆ ಮೊದಲನೆಯದಕ್ಕೆ ಸುದ್ದಿಯೇ ಮುಟ್ಟಲ್ಲ. ಎರಡನೆಯದು ಒಂದೇ ಒದ್ದಾಡಿ ಮತ್ತೆ ಸಾಲಿಗೆ ಬರುತ್ತೆ. ಇಮ್ಮುಖವಾದರೆ ಪೆಟ್ಟು ಎರಡಕ್ಕೂ ತಾಗುತ್ತೆ, ಇಬ್ಬರ ದಾರಿಯೂ ಬದಲಾಗುತ್ತೆ.

ನಮ್ಮೂರಲ್ಲಿ ಹೆಣ್ಣುಮಗಳನ್ನ ಗಂಡನ ಮನೆಗೆ ಕಳಿಸುವಾಗ "ಹೊಂದಿಕೊಂಡು ಹೋಗವ್ವ" ಅಂತಾರೆ. ಅಳಿಯನಿಗೆ ಯಾರಾದರೂ ಆ ಮಾತು ಹೇಳಿದ್ದನ್ನ ನಾನಂತೂ ಕೇಳಿಲ್ಲ. ಹತ್ತು ವರ್ಷದಲ್ಲಿ ಅವಳ ಸಾರಿನ ರುಚಿ, ಹಬ್ಬದ ಪದ್ಧತಿ, ಮಾತಿನ ಧಾಟಿ ಎಲ್ಲಾ ಆ ಮನೆಯದ್ದೇ ಆಗಿರುತ್ತೆ. ನಾವು ಅದನ್ನ ಹೊಗಳುತ್ತೀವಿ.

ಇನ್ನೊಬ್ಬರನ್ನ ಅನುಸರಿಸೋದೇ ತಪ್ಪು ಅಂತಲ್ಲ. ಮಗು ತಾಯಿಯನ್ನ ನೋಡಿಯೇ ಮಾತು ಕಲಿಯುತ್ತೆ. ಆದರೆ ರಾತ್ರಿ ಮಗು ಅತ್ತರೆ ತಾಯಿ ಎದ್ದು ಕೂರುತ್ತಾಳೆ. ಸಣ್ಣವರ ನೋವು ದೊಡ್ಡವರ ತನಕ ಮುಟ್ಟುವ ದಾರಿ ಅಲ್ಲಿದೆ.

ಸಮೀಕರಣಕ್ಕೆ ನ್ಯಾಯ, ಅನ್ಯಾಯ ಗೊತ್ತಿಲ್ಲ. ನಮಗೆ ಗೊತ್ತಿರಬೇಕು. "ನಮ್ಮಲ್ಲಿ ಎಲ್ಲರೂ ಹೊಂದಿಕೊಂಡಿದ್ದೀವಿ" ಅಂತ ಮನೆಯಲ್ಲೋ ಆಫೀಸಿನಲ್ಲೋ ಯಾರಾದರೂ ಹೇಳಿದಾಗ ಅಲ್ಲಿ ಎಷ್ಟು ಒಗ್ಗಟ್ಟಿದೆ ಅಂತ ಅಳೆಯೋದು ಬೇಡ. ಎಲ್ಲರಿಗಿಂತ ಮೆತ್ತಗಿರುವವರು ಒಂದು ದಿನ "ನನಗಿದು ಬೇಡ" ಅಂದರೆ, ಬೇರೆ ಯಾರ ದಾರಿಯಾದರೂ ಒಂದಿಷ್ಟು ಬದಲಾಗುತ್ತಾ ಅಂತ ನೋಡೋಣ.