ಪರಿಚಾರಕಧರ್ಮವೂ ಯಂತ್ರವೂ

ಚಿಕಿತ್ಸೆಗೆ ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯ ಸೂತ್ರಸ್ಥಾನವು ತಿಳಿಸುತ್ತದೆ. ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳಿರತಕ್ಕದ್ದು. ಈಗ ಮನೆಯಲ್ಲಿ ಮಲಗಿರುವ ರೋಗಿಯ ಮಗ್ಗುಲಿಗೆ ಹೊಸತೊಂದು ಸಾಧನವು ಬಂದಿದೆ: ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಅಳೆಯುವ ಉಪಕರಣಗಳು, ಅಳೆದುದನ್ನು ದೂರದ ವೈದ್ಯರಿಗೂ ಮಕ್ಕಳಿಗೂ ಮುಟ್ಟಿಸುವ ಮೊಬೈಲು. ಇದನ್ನು ಯಾವ ಪಾದಕ್ಕೆ ಸೇರಿಸಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

ಇದರ ಉಪಕಾರವನ್ನು ಅಲ್ಲಗಳೆಯಲಾಗದು. 2020ರ ಮಾರ್ಚಿಯಲ್ಲಿ ಭಾರತ ಸರ್ಕಾರವು ದೂರವೈದ್ಯಕ್ಕೆ ನಿಯಮಗಳನ್ನು ಪ್ರಕಟಿಸಿತು. ಏಪ್ರಿಲಿನಿಂದ ಇ-ಸಂಜೀವಿನಿಯ ಮೂಲಕ ಮನೆಯಿಂದಲೇ ವೈದ್ಯರ ಸಲಹೆ ಪಡೆಯುವುದು ಸಾಧ್ಯವಾಯಿತು. 2021ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಚೆದರಿದ ದಾಖಲೆಗಳನ್ನು 14 ಅಂಕಿಗಳ ಆಭಾ ಸಂಖ್ಯೆಯೊಂದಿಗೆ ಜೋಡಿಸುವ ದಾರಿಯನ್ನು ತೆರೆಯಿತು. ನಡೆಯಲಾರದ ವೃದ್ಧೆಗೆ ಇದು ಅಲ್ಪೋಪಕಾರವಲ್ಲ.

ಯಂತ್ರಕ್ಕೆ ನಿದ್ರೆಯಿಲ್ಲ, ಬೇಸರವಿಲ್ಲ. ಅದನ್ನೇ ಪರಿಚಾರಕನೆಂದರೆ ದೋಷವೇನೆಂದು ಕೆಲವರು ಕೇಳಬಹುದು. ಆದರೆ ಗಂಜಿಯು ಬಟ್ಟಲಿನಲ್ಲಿಯೇ ಆರಿಹೋದುದನ್ನು, ಮಲಗಿ ಮಲಗಿ ಬೆನ್ನು ಹುಣ್ಣಾಗುತ್ತಿರುವುದನ್ನು, ಸೊಸೆಗೆ ತೊಂದರೆಯಾದೀತೆಂದು ರೋಗಿಯು ನೋವನ್ನು ನುಂಗಿಕೊಂಡುದನ್ನು ಆ ಅಂಕಿಗಳು ಹೇಳವು. ಯಂತ್ರವು ಜ್ಞಾನಕ್ಕೂ ದಕ್ಷತೆಗೂ ನೆರವಾಗಬಲ್ಲುದು, ಅನುರಾಗವು ಅದರಲ್ಲಿಲ್ಲ. ಆದುದರಿಂದ ಅದಕ್ಕೆ ದ್ರವ್ಯದಲ್ಲಿ ಸ್ಥಾನವೇ ಹೊರತು ಪರಿಚಾರಕನ ಪೀಠದಲ್ಲಿ ಅಲ್ಲ. ಪರದೇಶದಲ್ಲಿರುವ ಮಗನು ಅಂಕಿಗಳನ್ನು ನೋಡಿ ತಂದೆಯೊಡನೆ ಮಾತನಾಡಿದರೆ, ಯಂತ್ರವು ಅನುರಾಗವನ್ನು ಹೊತ್ತು ತಂದಂತಾಯಿತು. ಅಂಕಿಗಳು ಸರಿಯಾಗಿವೆಯೆಂದು ಮಾತನ್ನೇ ನಾಳೆಗೆ ತಳ್ಳಿದರೆ, ಅದೇ ಯಂತ್ರವು ಕರ್ತವ್ಯಲೋಪಕ್ಕೆ ತೆರೆಯಾಯಿತು. ಭೇದವು ಉಪಕರಣದಲ್ಲಿಲ್ಲ, ಉಪಯೋಗಿಸುವವನಲ್ಲಿದೆ.

ಇನ್ನು ನಾಲ್ಕನೆಯ ಪಾದವಾದ ರೋಗಿ. ತನ್ನ ವ್ಯಾಧಿಯನ್ನು ತಾನೇ ತಿಳಿಸಬಲ್ಲ ಶಕ್ತಿಯನ್ನು ಚರಕನು ರೋಗಿಯ ಗುಣಗಳಲ್ಲಿ ಎಣಿಸಿದ್ದಾನೆ. ಮೇಲೆ ಹೇಳಿದ 2020ರ ನಿಯಮಗಳ ಪ್ರಕಾರವೂ, ರೋಗಿಯು ತಾನಾಗಿ ದೂರವೈದ್ಯನನ್ನು ಕರೆದರೆ ಅವನ ಸಮ್ಮತಿಯು ಅದರಲ್ಲಿಯೇ ಅಡಗಿದೆ. ಪರಿಚಾರಕನು ಕರೆದರೆ ರೋಗಿಯ ಸ್ಪಷ್ಟವಾದ ಸಮ್ಮತಿಯು ಬೇಕು. ಈ ವಿವೇಕವು ಗೃಹಸ್ಥರಿಗೂ ಸಲ್ಲುತ್ತದೆ. ಹಿತದ ಹೆಸರಿನಲ್ಲಿ ಹಿರಿಯರ ಕೋಣೆಯಲ್ಲಿ ಅವರನ್ನು ಕೇಳದೆ ಕ್ಯಾಮೆರಾವನ್ನಿಡುವುದು ಶುಶ್ರೂಷೆಯಲ್ಲ, ಕಾವಲು. ಶುಶ್ರೂಷೆಯೆಂಬ ಶಬ್ದಕ್ಕೆ ಕೇಳಬೇಕೆಂಬ ಇಚ್ಛೆಯೆಂದೇ ಮೂಲಾರ್ಥ. ಯಂತ್ರವು ಅಳೆಯಲಿ, ಕೇಳುವ ಕೆಲಸವು ಮನೆಯವರದಾಗಿಯೇ ಉಳಿಯಲಿ.