ಶಿಶುವಿನ ತೋಳೂ ಹಿರಿಯರ ಹಕ್ಕೂ

ಸೂಜಿಯನ್ನು ಕಂಡು ಅಳುವ ಕೂಸಿನ ತೋಳನ್ನು ತಾಯಿಯೇ ಬಿಗಿಹಿಡಿದು ವೈದ್ಯನ ಮುಂದೆ ಒಡ್ಡುತ್ತಾಳೆ. ಪ್ರಾಯಕ್ಕೆ ಬಂದವನ ಮೈಯನ್ನು ಅವನ ಸಮ್ಮತಿಯಿಲ್ಲದೆ ಹೀಗೆ ಚುಚ್ಚಿದರೆ ಅದು ಅಪರಾಧವೆನಿಸುವುದು. ಕೂಸಿನ ವಿಷಯದಲ್ಲಿ ಅದೇ ಕಾರ್ಯವು ವಾತ್ಸಲ್ಯವೆನಿಸುತ್ತದೆ. ಈ ಭೇದಕ್ಕೆ ಆಧಾರವೇನು? ಮಗುವಿನ ದೇಹವು ತಂದೆತಾಯಿಗಳ ಸೊತ್ತಲ್ಲ. ಮಗುವು ಬೆಳೆದು ತನ್ನ ವಶಕ್ಕೆ ತೆಗೆದುಕೊಳ್ಳುವವರೆಗೆ ಅದು ಅವರಲ್ಲಿ ಇರಿಸಿದ ನ್ಯಾಸ. ನ್ಯಾಸವನ್ನು ಕಾಯುವವನು ಒಡೆಯನ ಹಿತಕ್ಕಾಗಿ ಮಾತ್ರವೇ ಅದನ್ನು ಮುಟ್ಟಬಹುದು.

ಸಿಡುಬು, ಪೋಲಿಯೋಗಳಂಥ ಘೋರ ರೋಗಗಳಲ್ಲಿ ಈ ನ್ಯಾಯವು ಸುಲಭವಾಗಿ ಒಪ್ಪಿಗೆಯಾಗುತ್ತದೆ. ಇನ್‌ಫ್ಲುಯೆಂಜಾ ಜ್ವರದಲ್ಲಿ ಮಾತ್ರ ತೊಡಕುಂಟು. ಅದರ ವೈರಾಣುವು ರೂಪವನ್ನು ಬದಲಿಸುತ್ತಿರುವುದರಿಂದ ಲಸಿಕೆಯನ್ನು ವರ್ಷವರ್ಷವೂ ಹಾಕಿಸಬೇಕು. ಚಿಕ್ಕ ಮಕ್ಕಳಿಗಾದರೆ ಮೊದಲ ವರ್ಷ ನಾಲ್ಕು ವಾರಗಳ ಅಂತರದಲ್ಲಿ ಎರಡು ಸಲ. ಅದರಿಂದ ದೊರೆಯುವ ರಕ್ಷಣೆಯೂ ಪೂರ್ಣವಲ್ಲ. ಹೆಚ್ಚಿನ ಮಕ್ಕಳು ಲಸಿಕೆಯಿಲ್ಲದೆಯೇ ಗುಣ ಹೊಂದುತ್ತಾರೆ. ಆದರೆ ಎಳೆಯ ಮಕ್ಕಳಲ್ಲಿ ಕೆಲವರಿಗೆ ಜ್ವರವು ಶ್ವಾಸಕೋಶಕ್ಕಿಳಿದು ಪ್ರಾಣಸಂಕಟವನ್ನು ತರುತ್ತದೆ. ಆ ಕೆಲವರು ಯಾರೆಂಬುದನ್ನು ಮುಂಗಂಡವರಿಲ್ಲ. ಲಸಿಕೆ ಬೇಡವೆಂದು ಸುಮ್ಮನಿರುವುದೂ ಮಗುವಿನ ಪರವಾಗಿ ಮಾಡಿದ ಒಂದು ನಿರ್ಣಯವೇ. ಜ್ವರವಂತೂ ಕೂಸಿನ ಅನುಮತಿಯನ್ನು ಕೇಳಿ ಬರುವುದಿಲ್ಲ.

ಈ ವಿಚಾರಕ್ಕೆ ಜಪಾನು ದೇಶದ ಅನುಭವವು ಇನ್ನೊಂದು ಮುಖವನ್ನು ತೋರಿಸುತ್ತದೆ. ಅಲ್ಲಿ 1962ರಲ್ಲಿ ಶಾಲೆಯ ಮಕ್ಕಳಿಗೆ ಈ ಲಸಿಕೆಯನ್ನು ಹಾಕತೊಡಗಿದರು. 1977ರಲ್ಲಿ ಅದು ಕಡ್ಡಾಯವಾಯಿತು. ಮಕ್ಕಳಿಂದಲೇ ಜ್ವರವು ಮನೆಮನೆಗೆ ಹಬ್ಬುವುದಾದ್ದರಿಂದ ಅವರನ್ನು ತಡೆಗಟ್ಟಾಗಿಸಿ ಊರನ್ನು ಕಾಯುವುದೇ ಉದ್ದೇಶ. 1987ರಲ್ಲಿ ನಿರ್ಬಂಧವು ಸಡಿಲಿತು. 1994ರಲ್ಲಿ ಏರ್ಪಾಡೇ ನಿಂತಿತು. ಆ ವರ್ಷಗಳ ಮರಣದ ಲೆಕ್ಕಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಸುಮಾರು 420 ಮಕ್ಕಳಿಗೆ ಲಸಿಕೆ ಹಾಕಿದಾಗ ಒಂದು ಜೀವವು ಉಳಿಯುತ್ತಿತ್ತೆಂದೂ, ಉಳಿದವರಲ್ಲಿ ಬಹುಮಂದಿ ವೃದ್ಧರೆಂದೂ ಅಂದಾಜು ಮಾಡಿತು. ಈ ಗಣನೆಯನ್ನು ಪ್ರಶ್ನಿಸಿದವರೂ ಉಂಟು. ಆದರೂ ಅದು ಎತ್ತುವ ಧರ್ಮಪ್ರಶ್ನೆಯು ಅಂಕಿಗಳಿಗಿಂತ ಹಿರಿದು: ಅಜ್ಜನ ಉಸಿರನ್ನು ಉಳಿಸುವುದಕ್ಕಾಗಿ ಮೊಮ್ಮಗನ ತೋಳನ್ನು ನೋಯಿಸಬಹುದೆ?

ಕೂಡದೆನ್ನುವವರು ಮಗುವನ್ನು ಪರರ ಹೊಲಕ್ಕೆ ಬೇಲಿಯಾಗಿಸುವುದು ಅನ್ಯಾಯವೆನ್ನುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ; ಆದರೆ ಪೂರ್ಣಸತ್ಯವಿಲ್ಲ. ಆರು ತಿಂಗಳು ತುಂಬದ ಕೂಸಿಗೆ ಈ ಲಸಿಕೆಯನ್ನು ಹಾಕುವಂತಿಲ್ಲ. ಆ ಕಾಲದಲ್ಲಿ ಅದನ್ನು ಕಾಯುವುದು ಬಸುರಿನಲ್ಲಿ ತಾಯಿಯು ಹಾಕಿಸಿಕೊಂಡ ಲಸಿಕೆಯಿಂದ ಬಂದ ಬಲ, ಮತ್ತು ರೋಗವನ್ನು ಒಳಗೆ ತಾರದ ಮನೆಯವರ ಎಚ್ಚರ. ಎಂದ ಮೇಲೆ, ತನ್ನ ತೋಳನ್ನು ಒಡ್ಡುವುದಕ್ಕೆ ಮುನ್ನವೇ ಕೂಸು ಬೇರೊಬ್ಬರು ಒಡ್ಡಿದ ತೋಳಿನ ಫಲವನ್ನು ಉಂಡಿರುತ್ತದೆ. ಋಣವೆಂಬುದು ಮಾತು ಬರುವುದಕ್ಕೆ ಮೊದಲೇ ಮೊದಲಾಗುತ್ತದೆ.

ಹಾಗೆಂದು ಆ ಋಣವನ್ನು ತೀರಿಸಲು ನ್ಯಾಸವನ್ನೇ ಅಡವಿಡುವುದು ಸಲ್ಲದು. ಲಸಿಕೆಯಿಂದ ಮಗುವಿಗೆ ಆಗುವ ಹಿತವೇ ಅದರ ನೋವಿಗೂ ಅಪರೂಪದ ಅಪಾಯಕ್ಕೂ ಮಿಗಿಲಾಗಿ ತೂಗಬೇಕು. ಹಿರಿಯರಿಗೆ ಆಗುವ ಉಪಕಾರವು ಅದರ ಮೇಲಣ ಲಾಭವಾಗಬೇಕು. ಜಗಲಿಯಲ್ಲಿಟ್ಟ ದೀಪವು ದಾರಿಹೋಕನಿಗೂ ಬೆಳಕಾದರೆ ಮನೆಗೆ ನಷ್ಟವಿಲ್ಲ. ಮನೆಯನ್ನು ಕತ್ತಲುಮಾಡಿ ಬೀದಿಯನ್ನು ಬೆಳಗೆಂದರೆ ಅದು ಧರ್ಮವಲ್ಲ. ಎಳೆಯ ಮಕ್ಕಳ ವಿಷಯದಲ್ಲಿ ಈ ತಕ್ಕಡಿಯು ಲಸಿಕೆಯ ಕಡೆಗೆ ವಾಲುವುದೆಂಬುದು ವೈದ್ಯಶಾಸ್ತ್ರದ ಇಂದಿನ ಅಭಿಪ್ರಾಯ.

ಉಳಿದುದು ಹಿರಿಯರ ಕರ್ತವ್ಯ. ಮೊಮ್ಮಗನ ತೋಳಿನ ಆಶ್ರಯವನ್ನು ಬಯಸುವ ಅಜ್ಜನು ಮೊದಲು ತನ್ನ ತೋಳನ್ನು ಒಡ್ಡಲಿ. ತಂದೆತಾಯಿಗಳೂ ಹಾಗೆಯೇ ಮಾಡಲಿ. ಮಗುವು ಬೆಳೆದು, ತನ್ನನ್ನೇಕೆ ನೋಯಿಸಿದಿರೆಂದು ಒಂದು ದಿನ ಕೇಳಬಹುದು. ತಮ್ಮ ನೋವನ್ನು ಮೊದಲು ತೆತ್ತವರಿಗೆ ಆ ದಿನ ಉತ್ತರವು ಕಷ್ಟವಾಗದು.